ಫ್ಲೂಟಿ ಪಾಸಿನಲ್ಲಿ ತಪ್ಪಿದ ತಿರುವು

ಕಳೆದ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಕಾಲು ಕಚ್ಚುತ್ತಿದ್ದ ಒಂದು ಜೊತೆ ಷೂಗಳನ್ನು ಹಿಂದಿರುಗಿಸಲೆಂದು ನೇಟಿಕ್ ಊರಿನ ಮಾಲಿಗೆ ಹೊರಟವನು ತಿರುಗಬೇಕಾದ ಕಡೆ ತಿರುಗದೆ ನೇರವಾಗಿ ಹೋಗಿಬಿಟ್ಟೆ. ಮ್ಯಾಸಚೂಸೆಟ್ಸಿನ ಅರ್ಧ ಜನ ಅಂಗಡಿಗಳತ್ತ ನುಗ್ಗುವ ಆ ದಿನ ಒಂದು ತಿರುವು ತಪ್ಪಿತೆಂದರೆ ಇಪ್ಪತ್ತು ನಿಮಿಷ ಹೋಯಿತೆಂದೇ ಲೆಕ್ಕ. ತಪ್ಪು ನನ್ನದಲ್ಲ. ಪಕ್ಕದ ಸೀಟಿನಲ್ಲಿ ಕುಳಿತಿದ್ದ ನೆರೆಮನೆಯ ಹಿರಿಯರು, ರಸ್ತೆಯ ಹಸಿರು ಫಲಕದ ಮೇಲೆ ‘ಫ್ಲೂಟಿ ಪಾಸ್’ ಎಂಬ ಹೆಸರು ಕಂಡೊಡನೆ ನನ್ನ ತೋಳು ಹಿಡಿದು, “ಅವತ್ತು ನಾನು ಎಲ್ಲಿದ್ದೆ ಗೊತ್ತೇ?” ಎಂದು ಕೇಳಿದರು. ಗೊತ್ತಿತ್ತು. ಹದಿನೇಳು ವರ್ಷಗಳಿಂದ ಗೊತ್ತಿದೆ.

ಈ ದೇಶಕ್ಕೆ ಬಂದ ಹೊಸದರಲ್ಲಿ ಆ ಫಲಕವನ್ನು ನೋಡಿ, ಆಗುಂಬೆಯ ಸೀಮೆಯಲ್ಲಿ ಬೆಳೆದ ನಾನು, ಇದಾವುದೋ ಘಾಟಿ ರಸ್ತೆ ಇರಬೇಕೆಂದು ಎರಡೂ ಕೈಗಳಿಂದ ಸ್ಟಿಯರಿಂಗ್ ಹಿಡಿದು ಎಚ್ಚರದಿಂದ ತಿರುಗಿಸಿದ್ದೆ. ಘಾಟಿಯೂ ಇಲ್ಲ, ಗುಡ್ಡವೂ ಇಲ್ಲ. ಎರಡು ಕಡೆ ಅಂಗಡಿಗಳಿರುವ ಸಪಾಟು ರಸ್ತೆ. ನಮಗೆ ತಿಳಿದ ಪಾಸುಗಳೆಂದರೆ ಪರೀಕ್ಷೆಯ ಪಾಸು ಮತ್ತು ಬಸ್ ಪಾಸು. ಇದು ಮೂರನೆಯ ಬಗೆಯದು, ಒಬ್ಬ ಹುಡುಗ ಎಸೆದ ಚೆಂಡಿನದು. ಆ ಚೆಂಡು ಬಿದ್ದದ್ದು ಇಲ್ಲಿಂದ ಸಾವಿರ ಮೈಲಿಗೂ ಆಚೆ, ಮಯಾಮಿಯ ಆರೆಂಜ್ ಬೌಲ್ ಮೈದಾನದಲ್ಲಿ. ಎಸೆದವನು ನೇಟಿಕ್ ಹೈಸ್ಕೂಲಿನಲ್ಲಿ ಓದಿದವನು ಎಂಬ ಕಾರಣಕ್ಕೆ ರಸ್ತೆ ಇಲ್ಲಿದೆ.

ಅಮೆರಿಕದ ಫುಟ್‌ಬಾಲ್ ಎಂದರೇನೆಂದು ವಿವರಿಸುವ ಉಸಾಬರಿಗೆ ನಾನು ಹೋಗುವುದಿಲ್ಲ. ಅದರಲ್ಲಿ ಕಾಲಿಗಿಂತ ಕೈಗೆ ಕೆಲಸ ಹೆಚ್ಚು ಎಂಬುದರಾಚೆಗೆ ನನಗೂ ಬಹಳ ತಿಳಿಯದು. ಆದರೆ ಡಗ್ ಫ್ಲೂಟಿಯ ವಿಷಯದಲ್ಲಿ ನನ್ನನ್ನು ಯಾರಾದರೂ ಪರೀಕ್ಷೆಗೆ ಕೂರಿಸಿದರೆ, ಆ ಮೊದಲನೆಯ ಬಗೆಯ ಪಾಸು ನನಗೆ ಖಂಡಿತ. 1984ರ ನವೆಂಬರ್ 23, ಶುಕ್ರವಾರ. ಬೋಸ್ಟನ್ ಕಾಲೇಜಿನ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಟ ನಡೆಸುವವನು) ಫ್ಲೂಟಿ, ಅಂಗಿಯ ಸಂಖ್ಯೆ 22, ವಯಸ್ಸೂ 22, ಎತ್ತರ ಐದಡಿ ಹತ್ತಿಂಚಿಗೆ ಕೂದಲೆಳೆಯಷ್ಟು ಕಡಿಮೆ. ಎದುರಾಳಿ ಮಯಾಮಿ ವಿಶ್ವವಿದ್ಯಾಲಯದ ಬರ್ನಿ ಕೋಸಾರ್. ಇಪ್ಪತ್ತೆಂಟು ಸೆಕೆಂಡು ಉಳಿದಿರುವಾಗ ಮಯಾಮಿ 45–41ರಿಂದ ಮುಂದಾಯಿತು. ಆರು ಸೆಕೆಂಡು ಉಳಿದಿರುವಾಗ ಚೆಂಡು ಎದುರಾಳಿಯ 48 ಗಜದ ಗೆರೆಯ ಮೇಲಿತ್ತು. ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಳ್ಳುತ್ತ ಇನ್ನೂ ಹಿಂದಕ್ಕೆ ಓಡಿದ ಫ್ಲೂಟಿ, ಎದುರುಗಾಳಿಯಲ್ಲಿ ಅರವತ್ತು ಗಜಕ್ಕೂ ಹೆಚ್ಚು ದೂರ ಚೆಂಡನ್ನು ಎಸೆದನು. ಅಷ್ಟು ದೂರ ಈ ಗಿಡ್ಡನ ಕೈಯಲ್ಲಿ ಆಗದೆಂದು ಮುಂದೆ ಸರಿದು ನಿಂತಿದ್ದ ಮಯಾಮಿಯ ರಕ್ಷಕರ ತಲೆಯ ಮೇಲಿಂದ ಹಾದ ಚೆಂಡು, ಅವನ ರೂಮ್‌ಮೇಟ್ ಜೆರಾರ್ಡ್ ಫೇಲನ್‌ನ ಮಡಿಲಿಗೆ ಬಿತ್ತು. ಬೋಸ್ಟನ್ ಕಾಲೇಜು 47, ಮಯಾಮಿ 45. ಇಂಥ ಎಸೆತಕ್ಕೆ ಇಲ್ಲಿಯವರು ‘ಹೇಲ್ ಮೇರಿ’ ಎನ್ನುತ್ತಾರೆ, ಎಂದರೆ ಮೇರಿ ಮಾತೆಯ ಪ್ರಾರ್ಥನೆ. ಜೆಸುಯಿಟ್ ಪಾದ್ರಿಗಳು ಕಟ್ಟಿದ ಕಾಲೇಜಿಗೆ ಅದು ದಕ್ಕಿದ್ದರಲ್ಲಿ ಮಯಾಮಿಯವರಿಗೆ ಅನ್ಯಾಯವೇನಾದರೂ ಕಂಡಿದ್ದರೆ ನಾನು ಅವರನ್ನು ದೂರಲಾರೆ.

ನನ್ನ ನೆರೆಯವರ ಕಥೆ ಮಾತ್ರ ಈ ಆರು ಸೆಕೆಂಡುಗಳದ್ದಲ್ಲ. ಅದಕ್ಕಿಂತ ಮೊದಲಿನ ಇಪ್ಪತ್ತೆರಡು ಸೆಕೆಂಡುಗಳದ್ದು. ಆಗ ಅವರಿಗೆ ಮೂವತ್ತು ವರ್ಷ, ಮದುವೆಯಾಗಿ ಎರಡನೆಯ ಹಬ್ಬ. ಹೆಂಡತಿಯ ತವರಿನಲ್ಲಿ, ಹಿಂದಿನ ದಿನ ಉಳಿದಿದ್ದ ಟರ್ಕಿ ಮಾಂಸದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮಾವನೊಡನೆ ಟಿವಿಯ ಮುಂದೆ ಕುಳಿತಿದ್ದರು. ಮಯಾಮಿ ಮುಂದಾದೊಡನೆ ಮಾವ ಎದ್ದು, “ಮುಗಿಯಿತು” ಎಂದು ಟಿವಿ ಆರಿಸಿದನಂತೆ. ಅಳಿಯನಾದವನು ಎರಡನೆಯ ವರ್ಷಕ್ಕೇ ಮಾವನ ಮನೆಯ ಟಿವಿಯನ್ನು ಮತ್ತೆ ಹಚ್ಚುವುದು ಅಮೆರಿಕದಲ್ಲಿಯೂ ಸಾಧ್ಯವಿಲ್ಲವೆಂದು ನನಗೆ ತಿಳಿದದ್ದು ಈ ಕಥೆಯಿಂದಲೇ. ಇವರು ಕಾರು ಬಿಸಿ ಮಾಡುವ ನೆಪ ಹೇಳಿ ಅಂಗಳಕ್ಕೆ ಬಂದು, ಕಾರಿನಲ್ಲಿ ಕುಳಿತು ರೇಡಿಯೋ ತಿರುಗಿಸಿದರು. ಆ ಕೂಗು ಕೇಳಿಸಿತು. ಏನಾಯಿತೆಂದು ತಿಳಿಯಲು ಅರ್ಧ ನಿಮಿಷ ಬೇಕಾಯಿತು; ತಿಳಿದ ಮೇಲೂ ಅವರು ಒಳಗೆ ಓಡಿಹೋಗಿ ಹೇಳಲಿಲ್ಲ. ಕಿಟಕಿಯ ಗಾಜಿನೊಳಗಿಂದ, ಆರಿದ ಟಿವಿಯ ಮುಂದೆ ಪೈಪಿಗೆ ಹೊಗೆಸೊಪ್ಪು ತುಂಬುತ್ತಿದ್ದ ಮಾವನನ್ನು ನೋಡುತ್ತ, ಚಳಿಯಲ್ಲಿ ಹತ್ತು ನಿಮಿಷ ಒಬ್ಬರೇ ಕುಳಿತಿದ್ದರಂತೆ. ತಮ್ಮ ಜೀವನದ ಅತ್ಯಂತ ಸುಖದ ಹತ್ತು ನಿಮಿಷಗಳು ಅವು ಎಂದು ಅವರು ಹೇಳುವಾಗ, ಹೆಂಡತಿ ಹತ್ತಿರದಲ್ಲಿಲ್ಲವೆಂಬುದನ್ನು ಒಮ್ಮೆ ತಿರುಗಿ ನೋಡಿಕೊಳ್ಳುತ್ತಾರೆ.

ಕಥೆ ಅಲ್ಲಿಗೆ ನಿಂತಿದ್ದರೆ ನಾನು ತಿರುವು ತಪ್ಪಿಸುತ್ತಿರಲಿಲ್ಲ. ಆ ರಾತ್ರಿಯ ಸುದ್ದಿಯಲ್ಲಿ, ಮರುದಿನದ ಸುದ್ದಿಯಲ್ಲಿ, ಮುಂದೆ ಪ್ರತಿ ವರ್ಷದ ನವೆಂಬರಿನಲ್ಲಿ ಆ ಎಸೆತವನ್ನು ಎಷ್ಟು ಸಲ ತೋರಿಸಿದರೆಂದರೆ, ನಾಲ್ಕೈದು ವರ್ಷಗಳಲ್ಲಿ ಮಾವ ತಾನು ಅದನ್ನು ಆಗಲೇ, ನೇರವಾಗಿ, ಕಣ್ಣಾರೆ ಕಂಡೆನೆಂದು ಹೇಳತೊಡಗಿದನು. ಹತ್ತನೆಯ ವರ್ಷಕ್ಕೆ, ಟಿವಿ ಆರಿಸಲು ಹೊರಟ ಅಳಿಯನನ್ನು ತಾನೇ ತಡೆದೆನೆಂದೂ ಸೇರಿತು. ಊಟದ ಮೇಜಿನಲ್ಲಿ ಪ್ರತಿ ವರ್ಷ ವಾದ, ಒಂದು ವರ್ಷ ಮುರಿದ ತಟ್ಟೆ, ಎರಡು ವರ್ಷ ಹಬ್ಬಕ್ಕೆ ಕರೆಯೇ ಇಲ್ಲ. ಮಾವ ತೀರಿಕೊಂಡಾಗ ಸ್ಮಶಾನದಿಂದ ಮರಳಿದ ಬಂಧುಗಳೊಬ್ಬರು, “ಫ್ಲೂಟಿಯ ಆ ಪಾಸನ್ನು ಕೊನೆಯವರೆಗೂ ಕುಳಿತು ನೋಡಿದ ಮನುಷ್ಯ” ಎಂದು ಹೊಗಳಿದರಂತೆ. ನೆರೆಯವರು ಬಾಯಿ ತೆರೆಯಲಿಲ್ಲ. ನನಗೆ ಇದನ್ನು ಹದಿನೇಳು ವರ್ಷಗಳಿಂದ ಹೇಳುತ್ತಿರುವುದು ಅಂದು ಬಾಯಿ ತೆರೆಯದಿದ್ದುದರ ಬಡ್ಡಿ ಇರಬೇಕು. ಅವರ ಶ್ರೀಮತಿಯವರು ಒಮ್ಮೆ ನಮ್ಮ ಮನೆಗೆ ಕರಿಬೇವಿನ ಸೊಪ್ಪು ಕೇಳಿಕೊಂಡು ಬಂದಾಗ (ಅದಕ್ಕೂ ಫ್ಲೂಟಿಗೂ ಸಂಬಂಧವಿಲ್ಲ), ಟಿವಿ ಆರಿಸಿದವರು ತಂದೆಯೂ ಅಲ್ಲ, ಗಂಡನೂ ಅಲ್ಲ, ಕಾಫಿಗೆ ಬನ್ನಿರೆಂದು ಕರೆದು ಸಾಕಾಗಿ ತಾಯಿಯೇ ಆರಿಸಿದರೆಂದು ಪಿಸುಮಾತಿನಲ್ಲಿ ಹೇಳಿ ಹೋದರು. ಇದನ್ನು ನಾನು ಯಾರಿಗೂ ಹೇಳಿಲ್ಲ.

ಇಷ್ಟೆಲ್ಲ ಆದ ಮೇಲೂ ನನ್ನ ತಕರಾರು ಉಳಿದೇ ಇದೆ. ಅಂದು ಮೈದಾನದಲ್ಲಿದ್ದವರು ಸುಮಾರು ಮೂವತ್ತು ಸಾವಿರ ಮಂದಿ, ಅವರಲ್ಲಿ ಬಹುಪಾಲು ಮಯಾಮಿಯವರೇ ಇದ್ದಿರಬೇಕು. ಆದರೆ ಬೋಸ್ಟನ್ನಿನ ಸುತ್ತ ನನಗೆ ಸಿಕ್ಕ ಪ್ರತಿ ಎರಡನೆಯ ಅಭಿಮಾನಿ ಅಲ್ಲಿದ್ದವನೇ. ಫ್ಲೂಟಿ ಅಂದು ಎಸೆತಗಳಿಂದ 472 ಗಜಗಳನ್ನು ಗಳಿಸಿದ್ದನ್ನು ಹಾಡುವವರು, ಸೋತ ಕೋಸಾರ್‌ನೂ 447 ಗಜ ಗಳಿಸಿದನೆಂದು ಹೇಳುವುದಿಲ್ಲ. 45 ಅಂಕಗಳನ್ನು ಬಿಟ್ಟುಕೊಟ್ಟ ತಮ್ಮ ರಕ್ಷಕರನ್ನು ಬೈಯುವವರಂತೂ ಒಬ್ಬರೂ ಇಲ್ಲ. ಆ ಎಸೆತದಿಂದಲೇ ಅವನಿಗೆ ಕಾಲೇಜು ಫುಟ್‌ಬಾಲಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಬಂತೆಂದು ಎಲ್ಲರೂ ಹೇಳುತ್ತಾರೆ. ಮತದಾನವಾದರೋ ಪಂದ್ಯಕ್ಕೆ ಮೊದಲೇ ಹೆಚ್ಚುಕಡಿಮೆ ಮುಗಿದಿತ್ತು. ಮುಂದಿನ ವರ್ಷ ಕಾಲೇಜಿಗೆ ಅರ್ಜಿಗಳ ಮಳೆ ಸುರಿದದ್ದಕ್ಕೂ ‘ಫ್ಲೂಟಿ ಪರಿಣಾಮ’ ಎಂಬ ಹೆಸರಿದೆ. ಒಂದು ಚೆಂಡನ್ನು ಟಿವಿಯಲ್ಲಿ ನೋಡಿ ಮಗನ ನಾಲ್ಕು ವರ್ಷದ ಓದನ್ನು ನಿರ್ಧರಿಸುವ ತಂದೆತಾಯಿಗಳು, ನಮ್ಮ ಸಿಇಟಿ ರ್ಯಾಂಕಿನ ಹುಚ್ಚನ್ನು ಕಂಡು ನಗುವುದು ಮಾತ್ರ ನನಗೆ ಸಹಿಸದು.

ಎಲ್ಲಕ್ಕಿಂತ ಹೆಚ್ಚಾಗಿ, ಆ ಮನುಷ್ಯ ಆಮೇಲೆ ಇಪ್ಪತ್ತು ವರ್ಷ ಆಡಿದನೆಂಬುದು ಇವರಿಗೆ ಬೇಕಿಲ್ಲ. ವೃತ್ತಿಪರ ತಂಡಗಳು ಗಿಡ್ಡನೆಂದು ಮೂಗು ಮುರಿದಾಗ ಕೆನಡಾಕ್ಕೆ ಹೋಗಿ, ಅಲ್ಲಿಯ ಶ್ರೇಷ್ಠ ಆಟಗಾರನೆಂದು ಆರು ಸಲ ಅನ್ನಿಸಿಕೊಂಡು, ಗ್ರೇ ಕಪ್ಪನ್ನು ಮೂರು ಸಲ ಗೆದ್ದು ಮರಳಿದನು. 2006ರ ಮೊದಲ ದಿನ, ತನ್ನ ನಲವತ್ತಮೂರನೆಯ ವಯಸ್ಸಿನಲ್ಲಿ, ಚೆಂಡನ್ನು ನೆಲಕ್ಕೆ ಬಿಟ್ಟು, ಅದು ಪುಟಿದೇಳುವಾಗ ಒದ್ದು ಅಂಕ ಪಡೆದನು. 1941ರ ನಂತರ ಅಮೆರಿಕದ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಆ ಒದೆತವನ್ನು ಯಾರೂ ಸಾಧಿಸಿರಲಿಲ್ಲ. ಎದುರಿಗಿದ್ದದ್ದು ಆಗಲೂ ಮಯಾಮಿಯದೇ ತಂಡ. ನನಗಾದರೆ ಈ ಒದೆತವೇ ಹೆಚ್ಚು ಇಷ್ಟ: ಗಾಬರಿಯಿಲ್ಲ, ಪ್ರಾರ್ಥನೆಯಿಲ್ಲ, ನಡುವಯಸ್ಸಿನವನೊಬ್ಬನ ಹಳೆಯ ಕುಶಲತೆ. ಇದಕ್ಕೆ ರಸ್ತೆಯ ಹೆಸರಿಲ್ಲ. ಕಾಲೇಜಿನ ಕ್ರೀಡಾಂಗಣದ ಹೊರಗೆ 2008ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಯಲ್ಲಿಯೂ ಅವನು ಎಸೆಯುತ್ತಲೇ ಇದ್ದಾನೆ.

ಅಭಿಮಾನಿಗಳು ನೆನೆಯುವುದು ಫ್ಲೂಟಿಯನ್ನಲ್ಲ, ತಮ್ಮ ಇಪ್ಪತ್ತೆರಡನೆಯ ವಯಸ್ಸನ್ನು ಎಂದು ಬರೆದು ಈ ಪ್ರಬಂಧವನ್ನು ಮುಗಿಸಬಹುದೆಂದು ಕಾರು ತಿರುಗಿಸುವಾಗ ಹೊಳೆದಿತ್ತು. ಆದರೆ ನೆರೆಯವರಿಗೆ ಆಗ ಮೂವತ್ತಾಗಿತ್ತು, ಮಾವನಿಗೆ ಅರವತ್ತು. ಹೊಳೆದದ್ದು ಅಲ್ಲಿಗೇ ಕೆಟ್ಟಿತು.

ಮಾಲಿನಲ್ಲಿ ಷೂ ಹಿಂದಿರುಗಿಸುವ ಸಾಲು ಬಾಗಿಲಿನವರೆಗೆ ಬಂದಿತ್ತು. ನಮ್ಮ ಮುಂದೆ ನಿಂತವನ ಟೋಪಿ ಕಡುಗೆಂಪು ಮತ್ತು ಚಿನ್ನದ ಬಣ್ಣದ್ದು, ಬೋಸ್ಟನ್ ಕಾಲೇಜಿನದು. ಸರಿ, ಮತ್ತೆ ಮಾವ, ಮತ್ತೆ ಟಿವಿ, ಮತ್ತೆ ಅಂಗಳದ ಕಾರು. ಕಾಲು ನೋಯುತ್ತಿತ್ತು, ನನ್ನ ತಾಳ್ಮೆಯೂ ಮುಗಿದಿತ್ತು. ಹದಿನೇಳು ವರ್ಷಗಳಲ್ಲಿ ನೀನೆಲ್ಲಿದ್ದೆಯೆಂದು ನನ್ನನ್ನು ಯಾರೂ ಕೇಳಿಲ್ಲವಲ್ಲ ಎಂದು ನಾನೇ ಹೇಳಿಬಿಟ್ಟೆ: ಇಲ್ಲಿ ಶುಕ್ರವಾರ ಸಂಜೆಯಾಗಿದ್ದಾಗ ನಮ್ಮಲ್ಲಿ ಶನಿವಾರದ ನಸುಕು, ನಾನು ತೀರ್ಥಹಳ್ಳಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಎಸ್‌ಎಸ್‌ಎಲ್‌ಸಿ ಓದುತ್ತಿದ್ದೆ, ಬಚ್ಚಲೊಲೆಗೆ ಉರಿ ಹಾಕಿ ಅದರ ಬೆಳಕಿನಲ್ಲಿ ಲೆಕ್ಕದ ಪುಸ್ತಕ ಹಿಡಿದು ತೂಕಡಿಸುತ್ತಿದ್ದೆ, ನಮ್ಮ ಮನೆಯಲ್ಲಿ ಟಿವಿಯೇ ಇರಲಿಲ್ಲ.

ನೆರೆಯವರು ನನ್ನನ್ನು ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, ಟೋಪಿಯವನ ಕಡೆ ತಿರುಗಿ, “ಪಾಪ, ಇವನೂ ತಪ್ಪಿಸಿಕೊಂಡ” ಎಂದರು.