ಹೊಲಿಗೆ ಬಿಚ್ಚಿಸಿದ ಹೋಳಿಗೆ

"ಇನ್ನು ಬಿಡೋಕೆ ಬಟ್ಟೆ ಇಲ್ಲ ಸಾರ್."

ನಿನ್ನೆ ಸಂಜೆ ನಮ್ಮ ಬೀದಿಯ ಟೈಲರು ನನ್ನ ಪ್ಯಾಂಟನ್ನು ಒಳಹೊರಗು ಮಾಡಿ, ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಹೀಗೆಂದರು. ಎಕ್ಸ್‌ರೇ ನೋಡಿದ ಡಾಕ್ಟರ ದನಿ. ದಸರಾಕ್ಕೆ ಒಂದಿಂಚು ಬಿಟ್ಟಿದ್ದರು, ದೀಪಾವಳಿ ಆದ ಮೇಲೆ ಇನ್ನೊಂದಿಂಚು. ಹೊಲಿಗೆ ಬಿಚ್ಚಿ ಬಿಚ್ಚಿ ಅಲ್ಲಿ ಸೂಜಿ ತೂತುಗಳಷ್ಟೇ ಉಳಿದಿವೆ. ಅಷ್ಟಕ್ಕೇ ಸುಮ್ಮನಿರಬಾರದೇ? "ಏನ್ ಸಾರ್, ನಾನ್‌ವೆಜ್ ಜಾಸ್ತಿ ಆಯ್ತಾ?" ಅಂತ ಕೇಳಿಬಿಟ್ಟರು.

ಉರಿದುಹೋಯಿತು. ನಾನ್‌ವೆಜ್ ಬಿಟ್ಟು ಆರು ತಿಂಗಳಾಗಿದೆ ಕಣ್ರೀ!

ಶುರುವಾದದ್ದು ಶ್ರಾವಣದಲ್ಲಿ. ಎಲ್ಲರ ಹಾಗೆ ನಾನೂ ಒಂದು ತಿಂಗಳು ಅಂತಲೇ ಬಿಟ್ಟೆ. ಎರಡು ವಾರಕ್ಕೆ 78.5 ಇದ್ದವನು 77 ಕೆಜಿಗೆ ಇಳಿದೆ. ಎರಡು ವಾರಕ್ಕೆ ಒಂದೂವರೆ ಕೆಜಿ ಅಂದರೆ ವರ್ಷಕ್ಕೆಷ್ಟು ಅಂತ ನಮ್ಮ ತುಮಕೂರಿನ ಅಮಾನಿಕೆರೆ ಸುತ್ತ ವಾಕಿಂಗ್ ಮಾಡುತ್ತಾ ಲೆಕ್ಕ ಹಾಕಿದೆ. ಮೂವತ್ತೊಂಬತ್ತು! ಆ ಲೆಕ್ಕದಲ್ಲಿ ಎರಡು ವರ್ಷಕ್ಕೆ ನಾನೇ ಇರುತ್ತಿರಲಿಲ್ಲ ಅನ್ನುವುದು ಆಗ ಹೊಳೆಯಲಿಲ್ಲ. ಮೊದಲು ಇಳಿಯುವುದು ಬಹುಪಾಲು ನೀರು ಅಂತ ಡಾಕ್ಟರು ಹೇಳಿದ್ದು ಆಮೇಲೆ. ಗೌರಿ ಹಬ್ಬಕ್ಕೆ ಅತ್ತೆ ಮನೆಗೆ ಹೋದವನು ಅದೇ ಉಮೇದಿನಲ್ಲಿ, "ನಾನು ಬಾಡು ಪೂರ್ತಿ ಬಿಟ್ಟೆ" ಅಂತ ಘೋಷಿಸಿಬಿಟ್ಟೆ.

ಅದನ್ನು ನಾನು ಬೇರೆಲ್ಲಾದರೂ ಹೇಳಬೇಕಿತ್ತು.

ಗುಬ್ಬಿ ಹತ್ತಿರದ ಹಳ್ಳಿ. ತೆಂಗಿನ ತೋಟದವರು. ಅತ್ತೆಗೆ ಅಳಿಯನ ಮರ್ಯಾದೆ ಅಂದರೆ ನಾಟಿ ಕೋಳಿ ಸಾರು, ಬಿಸಿ ಮುದ್ದೆ. ಹದಿನಾಲ್ಕು ವರ್ಷ ಆ ಮರ್ಯಾದೆ ತಪ್ಪಿಸಿದವರಲ್ಲ. ಈಗ ಅಷ್ಟೂ ಮರ್ಯಾದೆಯನ್ನು ಎಲ್ಲಿ ಸುರಿಯಬೇಕು? ಪಾಪ, ಅವರೂ ಯೋಚಿಸಿದರು. ಹೋಳಿಗೆ ಮೇಲೆ ಸುರಿದರು.

ಈ 'ಪಾಪ' ಅನ್ನುವುದು ಅವರದೇ ಮಾತು, ನನಗೂ ಅಂಟಿಕೊಂಡಿದೆ. ನನ್ನ ಜೊತೆ ನೇರವಾಗಿ ಮಾತಾಡುವುದು ಕಮ್ಮಿ. ಮಗಳ ಕಡೆ ತಿರುಗಿ, "ಏನಮ್ಮಾ, ಅಳಿಯಂದ್ರಿಗೆ ಇನ್ನೊಂದು ಹೋಳಿಗೆ ಹಾಕು. ಪಾಪ, ಬಾಡು ಬೇರೆ ತಿನ್ನಲ್ಲ" ಅನ್ನುತ್ತಾರೆ. ಹೇಳುತ್ತಲೇ ತುಪ್ಪದ ಸೌಟು ಬಾಗುತ್ತದೆ. ಬಾಯಲ್ಲಿ ಪಾಪ, ಕೈಯಲ್ಲಿ ತುಪ್ಪ, ಎರಡೂ ಒಟ್ಟಿಗೇ. ಸಾಕು ಅಂತ ಎಲೆ ಮೇಲೆ ಕೈ ಅಡ್ಡ ಹಿಡಿದರೆ, "ಸಂಕೋಚ ಪಾಪ" ಅಂತ ಬೆರಳ ಸಂದಿಯಲ್ಲೇ ಬಿಡುತ್ತಾರೆ. ಒಂದು ಊಟಕ್ಕೆ ಏಳು ಪಾಪ ಎಣಿಸಿದ್ದೇನೆ. ಬಾಡು ತಿನ್ನುತ್ತಿದ್ದಾಗ ಆ ಮನೆಯಲ್ಲಿ ಯಾರೂ ನನಗೆ ಪಾಪ ಅಂದಿರಲಿಲ್ಲ. ಕೋಳಿಗೂ ಅಂದಿರಲಿಲ್ಲ.

ಪಿತೃಪಕ್ಷದಲ್ಲಿ ಹಿರಿಯರಿಗೆ ಬಾಡಿನ ಎಡೆ. ಮನೆ ತುಂಬ ಜನ, ಎಲ್ಲರಿಗೂ ಒಂದೇ ಅಡುಗೆ. ನನಗೊಬ್ಬನಿಗೆ ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಹೋಳಿಗೆ, ವಡೆ, ಪಾಯಸ, ಬೋಂಡ. ಒಂದು ಬಾಯಿಗೆ ಒಂದು ಮದುವೆ ಅಡುಗೆ. ಬಾಮೈದ ಮಾತ್ರ ಪಕ್ಕಕ್ಕೆ ಬಂದು ಪಿಸುಗುಟ್ಟಿದ: "ಭಾವ, ಪೀಸ್ ಹಾಕಲ್ಲ. ಬರೀ ಸಾರು ಹಾಕ್ಲಾ?"

ಹೊರಟಾಗ ಒಂದು ಚೀಲ ಕೊಬ್ಬರಿ ಕೊಟ್ಟು ಕಳಿಸುತ್ತಾರೆ. ತಿಪಟೂರು ಸೀಮೆಯ ಕೊಬ್ಬರಿ ರುಚಿ ಕೇಳಬೇಕೇ? ಬೆಲ್ಲದ ಜೊತೆ ಬಾಯಿಗೆ ಹಾಕಿಕೊಂಡರೆ ಕೈ ನಿಲ್ಲುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ ಇರುವ ಪದಾರ್ಥ. ಹೆಸರಲ್ಲೇ ಕೊಬ್ಬು ಇಟ್ಟುಕೊಂಡಿದೆ, ನಾವು ಓದಲಿಲ್ಲ ಅಷ್ಟೆ.

ಎಲ್ಲ ತಪ್ಪನ್ನೂ ಅತ್ತೆ ಮೇಲೆ ಹಾಕುವುದು ಸರಿಯಲ್ಲ. ಬೆಳಗಿನ ಆಮ್ಲೆಟ್ ಬಿಟ್ಟ ಮೇಲೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹಿಡಿದೆ. ಹಬೆಯಲ್ಲಿ ಬೆಂದದ್ದು, ಎಣ್ಣೆ ಸೋಕಿಲ್ಲ ಅಂತ ಎರಡು ತಿನ್ನುತ್ತಿದ್ದೆ. ಮೇಲೆ ಇಟ್ಟ ಬೆಣ್ಣೆ ಲೆಕ್ಕಕ್ಕಿಲ್ಲ, ಅದು ಕರಗಿಹೋಗುತ್ತಲ್ಲ.

ಇನ್ನು ಸಂಕ್ರಾಂತಿ ದಿನದ ಕಥೆ.

ಅತ್ತೆ ಮನೆಯಲ್ಲಿ ಒಂದು ಹುಂಜ ಇದೆ. ಕೆಂಪು ಮೈ, ಕಪ್ಪು ಬಾಲ. ಹೋದ ವರ್ಷ ಮರಿಯಿದ್ದಾಗಲೇ "ಇದು ಅಳಿಯಂದ್ರಿಗೆ" ಅಂತ ಬಿಟ್ಟದ್ದು. ನಾನು ಬಾಡು ಬಿಟ್ಟ ದಿನದಿಂದ ಅದರ ಆಯಸ್ಸು ಗಟ್ಟಿಯಾಯಿತು. ಬೇರೆಯವರಿಗೆ ಕೊಯ್ಯಲು ಅತ್ತೆಗೆ ಮನಸ್ಸಿಲ್ಲ. ಕೇರಿಯ ಮಕ್ಕಳು ಅದನ್ನು ಕರೆಯುವುದೇ ಅಳಿಯಂದ್ರ ಹುಂಜ ಅಂತ. "ಅಳಿಯಂದ್ರು ಸೊಪ್ಪಿನ ಮಡಿಗೆ ನುಗ್ಗಿದ್ರು, ಓಡಿಸ್ರೋ" ಅಂತ ಅವರು ಕೂಗಿದರೆ ನಾನು ಕೂತಲ್ಲೇ ಬೆಚ್ಚಿಬೀಳುತ್ತೇನೆ.

ಆವತ್ತು ಅಂಗಳದಲ್ಲಿ ಕೊಬ್ಬರಿ ತೂಗುವ ತಕ್ಕಡಿ ಇಟ್ಟಿದ್ದರು. ವ್ಯಾಪಾರಿ ಬಂದಿದ್ದ. ಬಾಮೈದನಿಗೆ ಹುಂಜದ ತೂಕ ನೋಡುವ ಹುಕಿ ಬಂತು. ಅದು ತಕ್ಕಡಿ ಮೇಲೆ ನಿಲ್ಲಬೇಕಲ್ಲ? "ಭಾವ, ನೀವು ಹಿಡ್ಕೊಂಡು ನಿಂತ್ಕೊಳಿ, ಆಮೇಲೆ ಕಳೆಯೋಣ" ಅಂದ. ಎಲ್ಲರೂ ನೋಡುತ್ತಿದ್ದರು, ಇಲ್ಲ ಅನ್ನಲಾಗಲಿಲ್ಲ. ಹುಂಜವನ್ನು ಕಂಕುಳಲ್ಲಿ ಒತ್ತಿ ಹಿಡಿದು ಹತ್ತಿದೆ. ಕೆಂಪು ಅಂಕಿ ಕುಣಿದು ಕುಣಿದು 87.3ಕ್ಕೆ ನಿಂತಿತು. ಅಷ್ಟರಲ್ಲಿ ಅದು ನನ್ನ ಅಂಗಿಗೆ ಮಾಡಬಾರದ್ದು ಮಾಡಿ, ರೆಕ್ಕೆ ಬಡಿದು ಹಾರಿತು. ಅಂಕಿ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ 84.1 ತೋರಿಸಿತು.

"ಹುಂಜ ಮೂರು ಕೆಜಿ ಇನ್ನೂರು ಗ್ರಾಮು!" ಬಾಮೈದ ಕೂಗಿದ. ಹುಂಜದ ತೂಕ ಯಾರಿಗೆ ಬೇಕಿತ್ತು? ಎಲ್ಲರ ಕಣ್ಣೂ 84.1 ಮೇಲೇ. ಜಗಲಿ ಮೇಲಿದ್ದ ಮಾವ ಕನ್ನಡಕ ಸರಿಮಾಡಿಕೊಂಡು, "ಚೀಲದ ತೂಕ ಕಳೀರೋ" ಅಂದರು. ವ್ಯಾಪಾರಿ ಅಭ್ಯಾಸಬಲದಿಂದ ಆಗಲೇ ಪುಸ್ತಕದಲ್ಲಿ ಬರೆದುಕೊಂಡಿದ್ದ.

ಅತ್ತೆ ಒಂದು ಸಲ ನನ್ನನ್ನು ನೋಡಿದರು, ಒಂದು ಸಲ ಹುಂಜವನ್ನು ನೋಡಿದರು. "ಎರಡೂ ಇಳ್ದೋಗಿದಾವೆ, ಪಾಪ" ಅಂದು ಎಳ್ಳು-ಬೆಲ್ಲದ ತಟ್ಟೆ ತಂದರು. ಎಳ್ಳು, ಬೆಲ್ಲ, ಕಡಲೆಬೀಜ, ಹುರಿಗಡಲೆ, ಮತ್ತೆ ಅದೇ ಕೊಬ್ಬರಿ.

ಮಾರನೇ ದಿನವೇ ಡಾಕ್ಟರ ಹತ್ತಿರ ಹೋದೆ. "ಬಾಡು ಬಿಟ್ಟಿದ್ದೀನಿ ಡಾಕ್ಟ್ರೇ" ಅಂದೆ, ಹೆಮ್ಮೆಯಿಂದಲೇ. "ಏನು ಬಿಟ್ರಿ ಅಂತ ಕೇಳ್ಲಿಲ್ಲ. ಏನು ಹಿಡ್ಕೊಂಡ್ರಿ ಹೇಳಿ" ಅಂದರು. ಚರ್ಮ ತೆಗೆದು ಬೇಯಿಸಿದ ಕೋಳಿ ಎದೆಭಾಗ ನೂರು ಗ್ರಾಂಗೆ ಸುಮಾರು 165 ಕ್ಯಾಲೊರಿ, ಪ್ರೊಟೀನ್ 30 ಗ್ರಾಂ ಮೇಲೆ, ಹೊಟ್ಟೆಯೂ ಬೇಗ ತುಂಬುತ್ತದೆ ಅಂದರು. ಪ್ರೊಟೀನ್, ಪಿಷ್ಟ, ಸಕ್ಕರೆಗೆ ಗ್ರಾಂಗೆ 4 ಕ್ಯಾಲೊರಿ, ಕೊಬ್ಬಿಗೆ 9. ನಾನು ಮನಸ್ಸಲ್ಲೇ ಗುಣಿಸಿದೆ. ಅತ್ತೆಯ ಒಂದು 'ಪಾಪ' 30 ಗ್ರಾಂ ತುಪ್ಪ ಅಂತ ಹಿಡಿಯಿರಿ, 270. ಏಳು ಪಾಪಕ್ಕೆ 1890. ಅದರ ಕೆಳಗಿರುವ ಹೋಳಿಗೆ ಬೇರೆ.

ಆಫೀಸಿನ ಗೆಳೆಯ ಮೊಬೈಲಲ್ಲಿ ತೋರಿಸಿದ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಸಾವಿರಾರು ಜನರನ್ನು ಇಟ್ಟುಕೊಂಡು ಅಧ್ಯಯನ ಮಾಡಿದ್ದಾರಂತೆ, ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಮಾಂಸ ತಿನ್ನುವವರಿಗಿಂತ ಸಸ್ಯಾಹಾರಿಗಳು ಸರಾಸರಿ ಕಮ್ಮಿ. ಇರಬಹುದು. ಅವರ ಅತ್ತೆ ಮನೆ ಗುಬ್ಬಿ ಕಡೆ ಇರಲಿಲ್ಲ.

ಬಾಡಿನ ಆಸೆ ಅಷ್ಟೇನೂ ಕಾಡುವುದಿಲ್ಲ. ಭಾನುವಾರ ಬೆಳಗ್ಗೆ ಮಾತ್ರ ಕಷ್ಟ. ಅಪ್ಪ ಇದ್ದಾಗ ನನ್ನ ಕೈಲಿ ಸ್ಟೀಲ್ ಡಬ್ಬಿ ಹಿಡಿಸಿ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದರು. ಕ್ಯೂನಲ್ಲಿ ನಿಂತೇ ಊರಿನ ಸುದ್ದಿಯೆಲ್ಲ ತಿಳಿಯುತ್ತಿತ್ತು. ಎರಡು ಕೆಜಿ ಕೇಳಿದವರ ಮನೆಗೆ ನೆಂಟರು, ಕಾಲು ಕೆಜಿ ಕೇಳಿದವರಿಗೆ ಸಂಬಳ ಆಗಿಲ್ಲ. ಮನೆಗೆ ಬಂದರೆ ಅಮ್ಮ ಮಸಾಲೆ ಹುರಿಯುತ್ತಿದ್ದ ಘಮ ಗೇಟಿನವರೆಗೂ. ಈಗ ಭಾನುವಾರ ಹನ್ನೊಂದು ಗಂಟೆಗೆ ಪಕ್ಕದ ಮನೆಯಿಂದ ಅದೇ ಘಮ ಬರುತ್ತದೆ. ನಾನು ಪೇಪರನ್ನು ಎರಡನೇ ಸಲ ಓದುತ್ತೇನೆ.

ಇವತ್ತು ಬೆಳಗ್ಗೆ ಅತ್ತೆ ಫೋನ್ ಮಾಡಿದ್ದರು. ಯುಗಾದಿಗೆ ಇನ್ನೂ ಎಷ್ಟೋ ದಿನ ಇದೆ, ಆಗಲೇ ಹೊಸತೊಡಕಿನ ಯೋಚನೆ. ಹೆಂಡತಿ ಸ್ಪೀಕರ್ ಹಾಕಿದಳು. ನಾನು ಧೈರ್ಯ ಮಾಡಿ, "ಅತ್ತೆ, ಹೊಸತೊಡಕಿಗೆ ಆ ಹುಂಜಾನೇ ಮಾಡಿಬಿಡಿ. ನಾನೂ ತಿಂತೀನಿ, ಡಾಕ್ಟ್ರು ಹೇಳಿದಾರೆ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಏ, ಅದು ಬಲ್ತೋಗಿದೆ, ಬೇಯಲ್ಲ. ಹೆಸರಿಟ್ಟು ಸಾಕಿದ್ದು ಬೇರೆ, ಮನಸ್ಸು ಬರಲ್ಲ. ಏನಮ್ಮಾ, ಅಳಿಯಂದ್ರಿಗೆ ಹೇಳು, ಕಾಯಿ ಹೋಳಿಗೆ ಮಾಡ್ತೀನಿ, ಪಾಪ" ಅಂದರು.

ಫೋನ್ ಇಟ್ಟ ಮೇಲೆ ಟೈಲರಿಗೆ ಫೋನ್ ಮಾಡಿದೆ. ಎಲಾಸ್ಟಿಕ್ಕೇ ಹಾಕಿಬಿಡಿ ಅಂದೆ.