ನಂದಿಗೆ ಹೋಗಿ ನಂದಿಯನ್ನೇ ನೋಡದೆ ಬರ್ತೀರಲ್ಲ!

ಇವತ್ತು ಬೆಳಗ್ಗೆ ಯಲಹಂಕದ ದರ್ಶಿನಿಯೊಂದರ ಮುಂದೆ ನಂದಿಬೆಟ್ಟ ಹತ್ತಿ ಇಳಿದು ಬಂದ ಸೈಕಲ್ ಗುಂಪೊಂದು ಸಿಕ್ತು. ಎಲ್ಲಾ ಚೆನ್ನಾಗಿ ತುಳಿಯೋ ಹುಡುಗರು. ಭೋಗನಂದೀಶ್ವರ ನೋಡಿದ್ರಾ ಅಂತ ಕೇಳಿದೆ. "ಬೆಟ್ಟದ ಮೇಲಿರೋ ಗುಡಿ ತಾನೆ ಅಕ್ಕ, ಹೊರಗಿಂದ ನೋಡಿದ್ವಿ" ಅಂದ್ರು. ಮೇಲಿರೋದು ಯೋಗನಂದೀಶ್ವರ. ಭೋಗನಂದೀಶ್ವರ ಇರೋದು ಬೆಟ್ಟದ ಬುಡದಲ್ಲಿ, ನಂದಿ ಗ್ರಾಮದಲ್ಲಿ. ಅದು ಒಬ್ಬರಿಗೂ ಗೊತ್ತಿರಲಿಲ್ಲ. ಆಗಿಂದ ಹೊಟ್ಟೆ ಉರೀತಿದೆ, ಅದಕ್ಕೇ ಬರೀತಿದೀನಿ.

ಕ್ರಿ.ಶ. 806ರ ಶಾಸನದಲ್ಲೇ ಆ ಶಿವಾಲಯದ ಪ್ರಸ್ತಾಪ ಇದೆ. ನೊಳಂಬರ ಕಾಲದ ಗುಡಿಗೆ ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ತಮ್ಮ ತಮ್ಮ ಕಾಲದಲ್ಲಿ ಒಂದೊಂದು ಸೇರಿಸ್ತಾ ಹೋಗಿದಾರೆ. ಒಂದು ಪಕ್ಕ ಅರುಣಾಚಲೇಶ್ವರ, ಇನ್ನೊಂದು ಪಕ್ಕ ಭೋಗನಂದೀಶ್ವರ, ನಡುವೆ ಉಮಾಮಹೇಶ್ವರ. ಅಲ್ಲಿನ ಕಲ್ಯಾಣಮಂಟಪದ ಕಪ್ಪು ಕಲ್ಲಿನ ಕಂಬಗಳ ಹತ್ತಿರ ಕೂತು ನೋಡಬೇಕು, ನಿಂತು ಕಣ್ಣು ಹಾಯಿಸಿದರೆ ಏನೂ ಸಿಗಲ್ಲ. ಕಂಬದ ತುಂಬ ಬಳ್ಳಿ, ಬಳ್ಳಿಯೊಳಗೆ ಹಕ್ಕಿ. ಹೊರಗೋಡೆಯ ಜಾಲಂಧ್ರಗಳನ್ನೂ ಬಿಡಬೇಡಿ: ಒಂದರಲ್ಲಿ ಕುಣಿಯೋ ಶಿವ, ಇನ್ನೊಂದರಲ್ಲಿ ಕೋಣನ ತಲೆ ಮೇಲೆ ನಿಂತ ದುರ್ಗೆ. ಕಿಟಕಿಗೆ ಅಂತ ಕಲ್ಲನ್ನ ತೂತು ಕೊರೆದು, ಆ ತೂತುಗಳ ನಡುವೆ ಉಳಿದ ಕಲ್ಲಲ್ಲೇ ಮೂರ್ತಿ ಬಿಡಿಸಿದಾರೆ. ಆಮೇಲೆ ಶೃಂಗಿತೀರ್ಥ, ನಾಲ್ಕೂ ಕಡೆ ಮೆಟ್ಟಿಲಿರೋ ಕಲ್ಯಾಣಿ. ಇಷ್ಟನ್ನೂ ಬಿಟ್ಟು, ಮೇಲೆ ಹೋಗಿ ಮಂಜಿನ ಮುಂದೆ ಸೈಕಲ್ ಎತ್ತಿ ಹಿಡಿದು ಫೋಟೋ ತೆಗೆಸ್ಕೊಂಡು ಬರೋದಾ?

"ಬಿಸಿಲೇರತ್ತೆ, ಹೈವೇಲಿ ಗಾಡಿ ಜಾಸ್ತಿ ಆಗತ್ತೆ, ನಿಂತರೆ ಕಾಲು ಹಿಡ್ಕೊಳತ್ತೆ" ಅಂತೀರಿ. ಬಿಸಿಲಿನ ಮಾತು ನಿಜ. ಆದರೆ ಅದೆಲ್ಲ ಹೊರಡೋ ಹೊತ್ತಿನ ಪ್ರಶ್ನೆ. ಹೆಬ್ಬಾಳದಿಂದ ದೇವನಹಳ್ಳಿಗೆ ಸುಮಾರು 28 ಕಿ.ಮೀ., ನಂದಿ ಗ್ರಾಮಕ್ಕೆ 45ರ ಆಸುಪಾಸು. ಬೆಳಗ್ಗೆ 5ಕ್ಕೆ ಹೆಬ್ಬಾಳ ಬಿಟ್ಟರೆ, ಗಂಟೆಗೆ 20ರ ಲೆಕ್ಕದಲ್ಲಿ ತುಳಿದರೂ ಏಳೂವರೆಗೆ ಗುಡಿ ಮುಂದೆ ಇರ್ತೀರಿ. ಬರಿಗಾಲಲ್ಲಿ ತಣ್ಣನೆ ಕಲ್ಲಿನ ಮೇಲೆ ಮುಕ್ಕಾಲು ಗಂಟೆ ನಡೆದಾಡಿದರೆ ಕಾಲು ಹಿಡ್ಕೊಳಲ್ಲ, ಸಡಿಲ ಆಗತ್ತೆ. ಹನ್ನೊಂದರ ಮೇಲೆ ಹೋದರೆ ಅದೇ ಪ್ರಾಂಗಣದ ಕಲ್ಲು ಕಾದು ಅಂಗಾಲು ಸುಡತ್ತೆ. ಹಾಗಾಗಿ ಮೊದಲು ಗುಡಿ, ಆಮೇಲೆ ಬೆಟ್ಟ. ಆವರೇಜ್ ಸ್ಪೀಡ್ ಹಾಳಾಗತ್ತೆ ಅನ್ನೋ ಮಾತಿಗೆ ನಾನು ಉತ್ತರಾನೇ ಕೊಡಲ್ಲ.

ಹೆಬ್ಬಾಳದಿಂದ ಏರ್‌ಪೋರ್ಟ್ ಕಡೆ ಮೇಲುರಸ್ತೆ ಹತ್ತಬೇಡಿ, ಸರ್ವಿಸ್ ರಸ್ತೆಯಲ್ಲೇ ಇರಿ. ಮೇಲಿಂದ ಇಳಿಯೋ ಟ್ಯಾಕ್ಸಿಗಳು ಕೆಳಗಿನ ರಸ್ತೆಗೆ ಸೇರೋ ಜಾಗದಲ್ಲಿ ಹಿಂದೆ ತಿರುಗಿ ನೋಡಿಯೇ ಮುಂದೆ ಹೋಗಿ. ಅಪಘಾತದ ಭಯ ಇರೋದು ಅಲ್ಲೇ. ಹಿಂದಿನ ಕೆಂಪು ಲೈಟ್ ಬೆಳಕಾದ ಮೇಲೂ ಉರೀತಿರಲಿ. ದೇವನಹಳ್ಳಿಯಲ್ಲಿ ಹೈವೇ ಬಿಟ್ಟು ಊರೊಳಗೆ ನುಗ್ಗಿ. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆ ಅದು, ಕಲ್ಲಿನದಾಗಿದ್ದು ಹೈದರ್, ಟಿಪ್ಪು ಕಾಲದಲ್ಲಿ. ಕೋಟೆಯೊಳಗೆ ಈಗಲೂ ಜನ ಬದುಕ್ತಿದಾರೆ, ಬೀದಿ ಇದೆ, ವೇಣುಗೋಪಾಲಸ್ವಾಮಿ ಗುಡಿ ಇದೆ. ಇಪ್ಪತ್ತು ನಿಮಿಷ ಸಾಕು. ಮುಂದೆ ಸಿಗೋ ಆವತಿ, ಆ ಮಲ್ಲಬೈರೇಗೌಡನ ಮನೆತನದ ನಾಡಪ್ರಭುಗಳ ಊರು. ನೀವು ಹೈವೇಲಿ ತಲೆ ಬಗ್ಗಿಸಿ ತುಳೀತಾ ದಾಟಿಬಿಡೋ ಬೋರ್ಡು ಅದೇ.

ಹಳ್ಳಿ ರಸ್ತೆಗೆ 28 ಮಿ.ಮೀ. ಅಗಲದ ಟೈರ್ ಇದ್ದರೆ ಒಳ್ಳೇದು. 65-70 ಕೆ.ಜಿ. ತೂಗೋರಿಗೆ 70-75 ಪಿಎಸ್‌ಐ ಗಾಳಿ ಸಾಕು. ನೂರು ತುಂಬಿಸಿಕೊಂಡು ಬಂದರೆ ಹಳ್ಳದಲ್ಲಿ ಸೊಂಟಕ್ಕೆ ಪೆಟ್ಟು. ಜಾಲಿ ಮುಳ್ಳು ಹೊಕ್ಕು ಪಂಕ್ಚರ್ ಆದರೆ, ಹೊಸ ಟ್ಯೂಬ್ ಹಾಕೋ ಮುಂಚೆ ಟೈರಿನ ಒಳಮೈ ಪೂರ್ತಿ ಬೆರಳಾಡಿಸಿ ಮುಳ್ಳಿನ ತುದಿ ಹುಡುಕಿ ಕೀಳಿ. ಅದು ಉಳಿದರೆ ಹೊಸ ಟ್ಯೂಬೂ ಹತ್ತು ನಿಮಿಷದಲ್ಲಿ ಹೋಗತ್ತೆ. ಅದಕ್ಕೇ ಎರಡು ಟ್ಯೂಬ್ ಇಟ್ಕೊಳಿ ಅನ್ನೋದು.

ಸುಗ್ಗಿ ಸಮಯದಲ್ಲಿ ರಸ್ತೆ ಮೇಲೇ ಕಣ. ರಾಗಿ, ಹುರುಳಿ ಹರಡಿರ್ತಾರೆ, ಗಾಡಿಗಳು ಓಡಾಡಿ ಕಾಳು ಉದುರಲಿ ಅಂತ. ಅದರ ಮೇಲೆ ಸೈಕಲ್ ಬಿಡಬೇಡಿ. ಹುಲ್ಲು, ಬಳ್ಳಿ ಚೈನಿನ ಜೊತೆ, ಗೇರ್ ಬದಲಿಸೋ ಹಿಂದಿನ ಡಿರೇಲರ್‌ಗೆ ಸುತ್ತಿಕೊಳತ್ತೆ. ಇನ್ನೂ ಬಲವಾಗಿ ತುಳಿದರೆ ಅದನ್ನ ಫ್ರೇಮಿಗೆ ಹಿಡಿದಿರೋ ಹ್ಯಾಂಗರ್ ಬಾಗಿ, ಡಿರೇಲರ್ ಚಕ್ರದ ಕಡ್ಡಿಗಳೊಳಗೆ ಹೋಗಿ ಮುರಿಯತ್ತೆ. ಅಲ್ಲಿಗೆ ಸವಾರಿ ಮುಗೀತು, ಟೆಂಪೋನೇ ಗತಿ. ಇಳಿದು, ಸೈಕಲ್ ಎತ್ತಿಕೊಂಡು ದಾಟಿ. ಸುತ್ತಿಕೊಂಡಿದ್ದರೆ ಪೆಡಲ್ ಮುಟ್ಟದೆ ಕೈಯಿಂದ ಎಳೆ ಎಳೆಯಾಗಿ ಬಿಡಿಸಿ. ಕಣದಲ್ಲಿರೋ ಅಜ್ಜಿಗೆ ದಬಾಯಿಸಬೇಡಿ ದಯವಿಟ್ಟು, ಅದು ಅವರ ವರ್ಷದ ಕೂಳು.

ಬೆಟ್ಟದ ಏರು ಸುಮಾರು 8 ಕಿ.ಮೀ., ತುದಿ 1,478 ಮೀಟರ್. ಮುಂದೆ 34, ಹಿಂದೆ 32 ಹಲ್ಲಿನ ಗೇರ್ ಇದ್ದರೆ ಮೊಣಕಾಲು ಉಳಿಯತ್ತೆ. ಇಳಿಯುವಾಗ ಬ್ರೇಕ್ ಒತ್ತಿ ಹಿಡಿದೇ ಬಂದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ತಿರುವಿಗೆ ಮುಂಚೆ ಮುಂದಿನದು, ಹಿಂದಿನದು ಎರಡನ್ನೂ ಒತ್ತಿ ವೇಗ ಇಳಿಸಿ ಬಿಟ್ಟುಬಿಡಿ, ತಿರುವಿನೊಳಗೆ ಬ್ರೇಕ್ ಹಿಡಿಯೋದು ಬೇಡ. ಕಾರಿನವರು ನಿಮ್ಮ ಪಾಲಿನ ರಸ್ತೆಗೇ ಬರ್ತಾರೆ ಅಂದ್ಕೊಂಡೇ ಇಳಿಯಿರಿ.

ಗುಡಿಗೆ ಹೋಗೋರಿಗೆ ಇನ್ನೊಂದು ಮಾತು. ರೋಡ್ ಸೈಕಲ್ ಶೂ ಕೆಳಗೆ ಪೆಡಲಿಗೆ ಕಚ್ಚಿಕೊಳ್ಳೋ ಪ್ಲಾಸ್ಟಿಕ್ ಕ್ಲೀಟ್ ನುಣುಪಾದ ಕಲ್ಲಿನ ಮೇಲೆ ಜಾರತ್ತೆ. ಬ್ಯಾಗಲ್ಲೊಂದು ಹವಾಯಿ ಚಪ್ಪಲಿ ಇರಲಿ. ಸೈಕಲ್ ಕಳುವಾಗತ್ತೆ ಅನ್ನೋ ಭಯ ಇದ್ದರೆ ತೆಳು ವೈರ್ ಲಾಕ್ ಹಾಕಿ ಸೈಕಲ್‌ಗಳನ್ನ ಒಟ್ಟಿಗೆ ಕಟ್ಟಿ, ಸರದಿ ಮೇಲೆ ಒಬ್ಬೊಬ್ಬರು ಕಾಯಿರಿ. ಇಷ್ಟಕ್ಕೇ ಗುಡಿ ಬಿಡೋದಾ?

ಕಾಲಲ್ಲಿ ಏರಿಗೆ ಕಸುವಿಲ್ಲ ಅನ್ನೋರು ಬೆಟ್ಟವನ್ನೇ ಬಿಡಿ, ಏನೂ ನಷ್ಟ ಇಲ್ಲ. ನಂದಿಯಿಂದ ಮುದ್ದೇನಹಳ್ಳಿಗೆ ಹೋಗಿ ವಿಶ್ವೇಶ್ವರಯ್ಯನವರ ಮನೆ, ಸಮಾಧಿ ನೋಡಿ. ಇಲ್ಲಾ, ದೇವನಹಳ್ಳಿಗೆ ವಾಪಸ್ ಬಂದು ನಲ್ಲೂರಿನ ಹುಣಸೆ ತೋಪಿಗೆ ಹೋಗಿ. ಸುಮಾರು 54 ಎಕರೆ, ಮುನ್ನೂರರಷ್ಟು ಹಳೇ ಮರ, ಮಧ್ಯೆ ಚೆನ್ನಕೇಶವ ಗುಡಿಯ ಪಾಳು. 2007ರಲ್ಲಿ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಆಗಿದ್ದು ಇದೇ ತೋಪು. ಬೆಂಗಳೂರಿನ ಮಗ್ಗುಲಲ್ಲೇ ಇದೆ!

ಗುಂಪಿನ ರೈಡ್ ಪ್ಲಾನ್ ಹಾಕೋ ಅಡ್ಮಿನ್‌ಗಳೇ, ನಿಮ್ಮನ್ನೇ ಕೇಳ್ತಿರೋದು. ಮುಂದಿನ ಭಾನುವಾರದ ಮೆಸೇಜಿನಲ್ಲಿ "ನಂದಿ ಟಾಪ್, ತಿಂಡಿ, ವಾಪಸ್" ಅಂತ ಹಾಕಬೇಡಿ. "ದೇವನಹಳ್ಳಿ ಕೋಟೆ 20 ನಿಮಿಷ, ಭೋಗನಂದೀಶ್ವರ 45 ನಿಮಿಷ" ಅಂತ ಹೊತ್ತು ಸಮೇತ ಬರೀರಿ. ಪ್ಲಾನಲ್ಲಿ ಇಲ್ಲದ ಜಾಗದಲ್ಲಿ ಯಾವ ಗುಂಪೂ ನಿಲ್ಲಲ್ಲ.