ದನ ಮೇಯದ ಹುಲ್ಲು

ಹಾಸನದ ಕಡೆಯ ನಮ್ಮೂರಲ್ಲಿ ಹುಲ್ಲು ಅಂದರೆ ದನದ ಊಟ. ಸುಗ್ಗಿ ಮುಗಿದ ಮೇಲೆ ಬಣವೆ ಒಟ್ಟುತ್ತಿದ್ದರು. ಬೇಸಿಗೆಯಲ್ಲಿ ಸಾಲದೆ ಹೋದರೆ ಪಕ್ಕದ ಮನೆಯಿಂದ ಕಡ ತರುತ್ತಿದ್ದರು. ಕುಡುಗೋಲು ಹಿಡಿದು ಗದ್ದೆ ಬದುವಿಗೆ ಹೋದ ನಮ್ಮಜ್ಜಿ ತಲೆ ಮೇಲೆ ಒಂದು ಹೊರೆ ಇಲ್ಲದೆ ವಾಪಸ್ ಬಂದದ್ದೇ ಇಲ್ಲ.

ಹಾಗಾಗಿ ನ್ಯೂಜೆರ್ಸಿಯ ಮಗನ ಮನೆಯಲ್ಲಿ ಮೊದಲ ಶನಿವಾರ ಕಂಡದ್ದು ನನಗೆ ಅರಗಲೇ ಇಲ್ಲ. ಊರಲ್ಲಿ ಒಂದು ಹುಲ್ಲುಕಡ್ಡಿ ಎತ್ತಿಟ್ಟವನಲ್ಲ ಇವನು. ಇಲ್ಲಿ ಬೆಳಗ್ಗೆಯೇ ಎದ್ದು, ಟೋಪಿ ಹಾಕಿಕೊಂಡು, ಮೋವರ್ ತಳ್ಳುತ್ತಾ ಮನೆ ಮುಂದಿನ ಹುಲ್ಲು ಕತ್ತರಿಸುತ್ತಿದ್ದ. ಕತ್ತರಿಸಿದ್ದನ್ನು ದೊಡ್ಡ ಕಾಗದದ ಚೀಲಗಳಿಗೆ ತುಂಬಿ ರಸ್ತೆ ಬದಿಗೆ ಇಟ್ಟ.

"ಯಾರ ಮನೆ ದನಕ್ಕೋ ಇದು?" ಅಂದೆ.

"ಯಾವ ದನಾನೂ ಇಲ್ಲಮ್ಮ. ಕಸದ ಗಾಡಿಯವರು ತಗೊಂಡು ಹೋಗ್ತಾರೆ."

ಬೀಜ ತಂದು ಬಿತ್ತುವುದು, ಗೊಬ್ಬರ ಹಾಕುವುದು, ನೀರು ಬಿಡುವುದು, ನಾಲ್ಕು ಬೆರಳು ಬೆಳೆದ ಕೂಡಲೇ ಕತ್ತರಿಸಿ ಕಸಕ್ಕೆ ಹಾಕುವುದು. ಕತ್ತರಿಸದೆ ಬಿಟ್ಟರೆ? ಮಗ ಒಳಗಿಂದ ಒಂದು ಕಾಗದ ತಂದು ತೋರಿಸಿದ. ಹಿಂದಿನ ವರ್ಷ ಅವರೆಲ್ಲ ಊರಿಗೆ ಬಂದಿದ್ದಾಗ ಹುಲ್ಲು ಮಂಡಿಯುದ್ದ ಬೆಳೆದಿತ್ತಂತೆ. ಅದಕ್ಕೆ ನೋಟಿಸು! ನಮ್ಮ ಕಡೆ ಅಷ್ಟು ಹುಲ್ಲು ಬೆಳೆದಿದ್ದರೆ ಎರಡು ಎಮ್ಮೆ ಕಟ್ಟಬಹುದಿತ್ತು.

ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಯಾವ ಮನೆಯ ಮುಂದೆಯೂ ಬೇಲಿ ಇಲ್ಲ. ನಮ್ಮ ಹುಲ್ಲು ಎಲ್ಲಿ ಮುಗಿಯಿತು, ಪಕ್ಕದವರದು ಎಲ್ಲಿ ಶುರುವಾಯಿತು ಗೊತ್ತೇ ಆಗುವುದಿಲ್ಲ. ಎಷ್ಟು ಒಳ್ಳೆಯ ಜನ ಅಂದುಕೊಂಡೆ. ನಮ್ಮಲ್ಲಾದರೆ ಒಂದು ಗೇಣು ಬದುವಿಗೆ ಎರಡು ತಲೆಮಾರು ಕೋರ್ಟಿಗೆ ಅಲೆಯುತ್ತಾರೆ.

ನಾನು ಮೂವತ್ತು ವರ್ಷ ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡಿದವಳು. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಮಾಡಲು ಏನೂ ಇರುತ್ತಿರಲಿಲ್ಲ. ನಡೆದು ಹೋಗುವಷ್ಟು ಹತ್ತಿರದಲ್ಲೇ ಲೈಬ್ರರಿ ಇತ್ತು. ಸುಮ್ನೆ ಈ ಹುಲ್ಲಿನ ಬೇರು ಹುಡುಕಿಕೊಂಡು ಹೋದೆ. ಅದು ಸಿಕ್ಕಿದ್ದು ಆಲೂಗಡ್ಡೆ ಹೊಲದಲ್ಲಿ.

ಎರಡನೇ ಮಹಾಯುದ್ಧ ಮುಗಿದು ಲಕ್ಷಾಂತರ ಸೈನಿಕರು ವಾಪಸ್ ಬಂದರು. ಮದುವೆಯಾದರು, ಮಕ್ಕಳಾದವು, ಇರಲು ಮಾತ್ರ ಮನೆ ಇಲ್ಲ. 1944ರಲ್ಲೇ ಸರ್ಕಾರ ಒಂದು ಕಾಯ್ದೆ ಮಾಡಿತ್ತು. ಸೈನಿಕರ ಮನೆಸಾಲಕ್ಕೆ ಸರ್ಕಾರವೇ ಜಾಮೀನು ನಿಲ್ಲುತ್ತಿತ್ತು. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವನು ವಿಲಿಯಂ ಲೆವಿಟ್, ಮನೆ ಕಟ್ಟಿ ಮಾರುವ ವ್ಯಾಪಾರಿ. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡಿನಲ್ಲಿ ಆಲೂಗಡ್ಡೆ ಹೊಲಗಳನ್ನು ಕೊಂಡು 1947ರಲ್ಲಿ ಮನೆ ಕಟ್ಟತೊಡಗಿದ. ಕಟ್ಟಿದ ಅನ್ನುವುದಕ್ಕಿಂತ ಎರಕ ಹೊಯ್ದ ಅನ್ನಬೇಕು. ಕೆಲಸವನ್ನು 27 ಹಂತಗಳಾಗಿ ಒಡೆದಿದ್ದ. ಕಾರಿನ ಕಾರ್ಖಾನೆಯಲ್ಲಿ ಕೆಲಸಗಾರ ನಿಂತಿರುತ್ತಾನೆ, ಕಾರು ಮುಂದೆ ಹೋಗುತ್ತದೆ. ಇಲ್ಲಿ ಮನೆ ನಿಂತಿರುತ್ತದೆ, ಕೆಲಸಗಾರರು ಮುಂದೆ ಹೋಗುತ್ತಾರೆ. ಬಿಳಿ ಬಣ್ಣ ಬಳಿಯುವವನಿಗೆ ಬಿಳಿ ಬಣ್ಣದ್ದೇ ಕೆಲಸ, ಕೆಂಪಿನವನಿಗೆ ಕೆಂಪಿನದೇ. ಭರಾಟೆಯ ದಿನಗಳಲ್ಲಿ ದಿನಕ್ಕೆ 30 ಮನೆ ಏಳುತ್ತಿದ್ದವು! 1951ರ ಹೊತ್ತಿಗೆ 17,000ಕ್ಕೂ ಹೆಚ್ಚು ಮನೆಗಳಾಗಿ, ಊರಿಗೆ ಲೆವಿಟ್‌ಟೌನ್ ಅಂತ ಅವನದೇ ಹೆಸರು ಬಂತು. ಎಲ್ಲ ಮನೆಯೂ ಒಂದೇ ಥರ. ಸಂಜೆ ದಣಿದು ಬಂದ ಗಂಡಸು ಪಕ್ಕದ ಮನೆಗೆ ನುಗ್ಗಿ ಊಟಕ್ಕೆ ಕೂತರೂ ಆಶ್ಚರ್ಯವಿಲ್ಲ.

ಮನೆ ಜೊತೆಗೆ ನಿಯಮಗಳೂ ಬಂದವು. ವಾರಕ್ಕೊಮ್ಮೆ ಹುಲ್ಲು ಕತ್ತರಿಸಲೇಬೇಕು. ಕತ್ತರಿಸದಿದ್ದರೆ ಕಂಪನಿಯ ಆಳು ಬಂದು ಕತ್ತರಿಸುತ್ತಾನೆ, ಬಿಲ್ಲು ನಿಮಗೆ. ಬೇಲಿ ಹಾಕುವ ಹಾಗಿಲ್ಲ. ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಹಾಗಿಲ್ಲ. ಹಿತ್ತಲಲ್ಲಿ ಕೊಡೆಯಂಥ ಸ್ಟ್ಯಾಂಡಿಗೆ ಹಾಕಬೇಕು, ಅದೂ ಶನಿವಾರ, ಭಾನುವಾರ ಇಲ್ಲ. ಇದನ್ನು ಓದಿದಾಗ ಸೊಸೆ ನನ್ನ ಇಳಕಲ್ ಸೀರೆಯನ್ನು ಡ್ರೈಯರಿಗೆ ಹಾಕಿದ ದಿನ ನೆನಪಾಯಿತು. ಹೊರಗೆ ಅಷ್ಟು ಒಳ್ಳೆ ಬಿಸಿಲು ದಂಡವಾಗುತ್ತಿತ್ತು.

ಇಷ್ಟೆಲ್ಲ ಹುಲ್ಲು ಯಾಕೆ? ಲೆವಿಟ್ 1948ರಲ್ಲಿ ಹೇಳಿದ ಒಂದು ಮಾತು ಅಮೆರಿಕದಲ್ಲಿ ಮನೆಮಾತಾಗಿದೆ. ಸ್ವಂತ ಮನೆ, ಜಾಗ ಇರುವವನು ಕಮ್ಯುನಿಸ್ಟ್ ಆಗಲಾರ, ಅವನಿಗೆ ಮಾಡಲು ಕೆಲಸ ಜಾಸ್ತಿ ಇರುತ್ತದೆ ಅಂತ. ಮಂಚದ ಕೆಳಗೂ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಕಾಲ ಅದು. ಸೆನೆಟರ್ ಮೆಕಾರ್ಥಿ ಕೈಯಲ್ಲಿ ಕಮ್ಯುನಿಸ್ಟರ ಪಟ್ಟಿ ಇದೆ ಅಂತ ಗುಲ್ಲೆಬ್ಬಿಸಿದ್ದು 1950ರಲ್ಲಿ. ಲೆವಿಟ್‌ನ ಉಪಾಯ ಅದಕ್ಕಿಂತ ಸುಲಭದ್ದು. ಶನಿವಾರ ಮಧ್ಯಾಹ್ನ ನನ್ನ ಮಗ ಸೊಂಟ ಹಿಡಿದುಕೊಂಡು ಸೋಫಾದ ಮೇಲೆ ಬಿದ್ದಿರುವುದನ್ನು ನೋಡಿದರೆ ಆ ಮಾತು ಸುಳ್ಳು ಅನಿಸುವುದಿಲ್ಲ. ಕ್ರಾಂತಿ ಹಾಗಿರಲಿ, ಕಾಫಿ ಲೋಟ ಎತ್ತುವ ಶಕ್ತಿಯೂ ಇರುವುದಿಲ್ಲ. 1959ರಲ್ಲಂತೂ ಇಂಥದೇ ಒಂದು ಮನೆಯ ಮಾದರಿಯನ್ನು ಮಾಸ್ಕೋದ ಪ್ರದರ್ಶನದಲ್ಲಿಟ್ಟು, ಅದರ ಅಡುಗೆಮನೆಯ ಮುಂದೆ ನಿಂತು ಅಮೆರಿಕದ ಆಗಿನ ಉಪಾಧ್ಯಕ್ಷ ನಿಕ್ಸನ್ ಸೋವಿಯತ್ ನಾಯಕ ಕ್ರುಶ್ಚೇವ್ ಜೊತೆ ವಾದಕ್ಕಿಳಿದರು. ನಮ್ಮ ಉಕ್ಕಿನ ಕಾರ್ಖಾನೆಯ ಕೆಲಸಗಾರನೂ ಇಂಥ ಮನೆ ಕೊಳ್ಳಬಲ್ಲ ಅಂತ.

ಹುಲ್ಲಿನ ಶುದ್ಧಿಯ ಕತೆ ಇನ್ನೂ ಸ್ವಾರಸ್ಯದ್ದು. ಇವರ ಹೆಮ್ಮೆಯ ಹುಲ್ಲು ಕೆಂಟಕಿ ಬ್ಲೂಗ್ರಾಸ್. ಅದು ಕೆಂಟಕಿಯದಲ್ಲ, ಯೂರೋಪಿನ ಕಡೆಯಿಂದ ಬಂದದ್ದು. ನನ್ನ ಕಣ್ಣಿಗಂತೂ ನೀಲಿಯೂ ಕಾಣಲಿಲ್ಲ. ಯುದ್ಧಕ್ಕೆ ಮುಂಚೆ ಹುಲ್ಲಿನ ಬೀಜದ ಜೊತೆ ಕ್ಲೋವರ್ ಅನ್ನುವ ಪುಟ್ಟ ಮೂರೆಲೆಯ ಗಿಡದ ಬೀಜವನ್ನೂ ಬೆರೆಸಿ ಮಾರುತ್ತಿದ್ದರು. ನಮ್ಮ ಹುರುಳಿ, ಅವರೆಯ ನೆಂಟ ಅದು, ನೆಲಕ್ಕೆ ತಾನೇ ಗೊಬ್ಬರ ಕೊಡುತ್ತದೆ. ಯುದ್ಧದ ಕೊನೆಯ ಹೊತ್ತಿಗೆ 2,4-ಡಿ ಅನ್ನುವ ಔಷಧಿ ಅಂಗಡಿಗೆ ಬಂತು. ಅಗಲ ಎಲೆಯ ಗಿಡವನ್ನು ಸಾಯಿಸುತ್ತದೆ, ಹುಲ್ಲನ್ನು ಮುಟ್ಟುವುದಿಲ್ಲ. ಕಳೆಗೆ ಅಂತ ಸಿಂಪಡಿಸಿದರೆ ಕ್ಲೋವರೂ ಸತ್ತಿತು. ಆಗ ಔಷಧಿಯನ್ನು ಬಿಡಲಿಲ್ಲ. ಕ್ಲೋವರನ್ನೇ ಕಳೆಯ ಪಟ್ಟಿಗೆ ಸೇರಿಸಿದರು! ಅದೇ 2,4-ಡಿಯನ್ನು ಇನ್ನೊಂದು ವಿಷದ ಜೊತೆ ಅರ್ಧಕ್ಕರ್ಧ ಬೆರೆಸಿ ಏಜೆಂಟ್ ಆರೆಂಜ್ ಮಾಡಿ, 60ರ ದಶಕದಲ್ಲಿ ವಿಯೆಟ್ನಾಮಿನ ಕಾಡುಗಳ ಮೇಲೆ ವಿಮಾನದಿಂದ ಸುರಿದರು. ಮಗನ ಗ್ಯಾರೇಜಿನಲ್ಲಿರುವ ಡಬ್ಬಿಯ ಹಿಂಭಾಗ ಓದಿದೆ. ಸಣ್ಣ ಅಕ್ಷರದಲ್ಲಿ 2,4-ಡಿ ಅಂತ ಇತ್ತು. ಕೈ ತೊಳೆದುಕೊಂಡು ಬಂದೆ.

ಬೇಲಿಯ ವಿಷಯಕ್ಕೆ ಬರುತ್ತೇನೆ. ಹುಲ್ಲಿನ ಮೇಲೆ ಕಾಣದ ಬೇಲಿ ಕಾಗದದಲ್ಲಿತ್ತು. ಲೆವಿಟ್‌ಟೌನಿನ ಮೊದಲ ಬಾಡಿಗೆ ಕರಾರಿನ 25ನೇ ಕಲಮು ಹೇಳುತ್ತಿತ್ತು: ಬಿಳಿಯರಲ್ಲದವರು ಯಾರೂ ಈ ಮನೆಯಲ್ಲಿ ವಾಸ ಮಾಡಕೂಡದು. ಮನೆಗೆಲಸದವರಾದರೆ ಪರವಾಗಿಲ್ಲ. ಇಂಥ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ 1948ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಲಮು ಹೋಯಿತು, ಪದ್ಧತಿ ಉಳಿಯಿತು. ಎಲ್ಲರನ್ನೂ ಕಾಯಬೇಕಾದ ಸರ್ಕಾರದ ಗೃಹಸಾಲ ಇಲಾಖೆಯೇ ಕರಿಯರು ಬಂದರೆ ಮನೆ ಬೆಲೆ ಬೀಳುತ್ತದೆ ಅಂತ ತನ್ನ ಕೈಪಿಡಿಯಲ್ಲಿ ಬರೆದಿಟ್ಟಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಕರಿಯರಲ್ಲೂ ಯುದ್ಧ ಮಾಡಿ ಬಂದವರು ಬೇಕಾದಷ್ಟು ಮಂದಿ ಇದ್ದರು. ಆದರೂ 1960ರಲ್ಲಿ ಲೆವಿಟ್‌ಟೌನಿನ ಸಾವಿರಾರು ಜನರಲ್ಲಿ ಕರಿಯರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಪೆನ್ಸಿಲ್ವೇನಿಯಾದಲ್ಲಿ ಲೆವಿಟ್ ಕಟ್ಟಿದ ಎರಡನೇ ಊರಿನಲ್ಲಿ 1957ರ ಆಗಸ್ಟ್‌ನಲ್ಲಿ ಒಂದು ಮನೆ ಮರುಮಾರಾಟವಾಯಿತು. ಕೊಂಡವರು ವಿಲಿಯಂ ಮತ್ತು ಡೇಸಿ ಮೈಯರ್ಸ್, ಮೂರು ಮಕ್ಕಳ ಸಂಸಾರ. ಆತ ಸೈನ್ಯದಲ್ಲಿದ್ದು ಬಂದವರು, ಆಕೆ ಓದಿದ ಹೆಣ್ಣುಮಗಳು. ಕರಿಯರು. ಸಂಜೆ ಹೊತ್ತಿಗೆ ನೂರಾರು ಜನ ಆ ಹುಲ್ಲಿನ ಮುಂದೆ ನೆರೆದರು. ಕಲ್ಲು ಬಿತ್ತು, ಕಿಟಕಿ ಗಾಜು ಒಡೆಯಿತು. ದಿನಗಟ್ಟಲೆ ನಡೆದ ಗಲಾಟೆಗೆ ರಾಜ್ಯದ ಪೊಲೀಸರೇ ಬರಬೇಕಾಯಿತು. ಮೈಯರ್ಸ್ ಪರ ನಿಂತ ಪಕ್ಕದ ಮನೆಯವರ ಗೋಡೆಗೆ ಕೆ.ಕೆ.ಕೆ. ಅಂತ, ಕರಿಯರನ್ನು ದ್ವೇಷಿಸುವ ಕು ಕ್ಲಕ್ಸ್ ಕ್ಲಾನ್ ಗುಂಪಿನ ಹೆಸರು, ಬಳಿದರು. ಆ ಬೀದಿಯ ಹೆಸರು ಡೀಪ್‌ಗ್ರೀನ್ ಲೇನ್. ಕಡುಹಸಿರು ಬೀದಿ. ಮೈಯರ್ಸ್ ದಂಪತಿ ಮನೆ ಬಿಟ್ಟು ಓಡಲಿಲ್ಲ, ಕೆಲವು ವರ್ಷ ಅಲ್ಲೇ ಬಾಳಿದರು.

ಓದುತ್ತಾ ನನಗೆ ಸಿಟ್ಟು ಬಂತು. ಆಮೇಲೆ, ಬೆಂಗಳೂರಿನಲ್ಲಿ ನಮ್ಮ ತಂಗಿಯ ಮನೆ ಗೇಟಿನ ಬೋರ್ಡು ನೆನಪಾಯಿತು. 'ಮನೆ ಬಾಡಿಗೆಗಿದೆ. ವೆಜ್ ಮಾತ್ರ.' ನಮ್ಮೂರ ಕೇರಿಗಳ ನಡುವೆಯೂ ಬೇಲಿ ಇರಲಿಲ್ಲ, ಅಲ್ವಾ? ಯಾರು ಎಲ್ಲಿವರೆಗೆ ಬರಬಹುದು ಅಂತ ಮಾತ್ರ ಎಲ್ಲರಿಗೂ ಗೊತ್ತಿತ್ತು.

1965ರಲ್ಲಿ ವಲಸೆ ಕಾಯ್ದೆ ಬದಲಾಗಿ ನಮ್ಮಂಥವರಿಗೆ ಬಾಗಿಲು ತೆರೆಯಿತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದೇ ವಾರಕ್ಕೆ, ಮನೆ ಮಾರುವಾಗ ಬಣ್ಣ ನೋಡುವ ಹಾಗಿಲ್ಲ ಅನ್ನುವ ಕಾಯ್ದೆಗೆ ಸಹಿ ಬಿತ್ತು. ನನ್ನ ಮಗ ಹುಲ್ಲು ಕತ್ತರಿಸುತ್ತಿರುವುದು ಆ ಎರಡು ಸಹಿಗಳ ಮೇಲೆ. ಅವನಿಗೆ ಹೇಳಿದೆ. "ಹೌದಾ ಅಮ್ಮ?" ಅಂದು ಮೋವರಿಗೆ ಪೆಟ್ರೋಲ್ ಹಾಕಿದ.

ಗಣೇಶನ ಹಬ್ಬ ಬಂತು. ಸೊಸೆ ಇಂಡಿಯನ್ ಅಂಗಡಿಯಿಂದ ಬಾಳೆಲೆ, ತೆಂಗಿನಕಾಯಿ ತಂದಿದ್ದಳು. ಗರಿಕೆ ಇಲ್ಲ! ಸುತ್ತಮುತ್ತ ಕಣ್ಣು ಹಾಯಿಸಿದಷ್ಟು ದೂರ ಹುಲ್ಲು, ಗಣಪತಿಗೆ ಇಪ್ಪತ್ತೊಂದು ಗರಿಕೆ ಇಲ್ಲ. ಮಗ ಫೋನಿನಲ್ಲಿ ಹುಡುಕಿ, ಗರಿಕೆಗೆ ಇಲ್ಲಿ ಬರ್ಮುಡಾ ಗ್ರಾಸ್ ಅಂತ ಹೆಸರು, ದಕ್ಷಿಣದ ರಾಜ್ಯಗಳಲ್ಲಿ ಮನೆ ಮುಂದೆ ಬೆಳೆಸುತ್ತಾರೆ, ಈ ಕಡೆ ಅದು ಕಳೆ ಅಂದ.

ಕಳೆ ಆದರೆ ಎಲ್ಲಾದರೂ ಇದ್ದೇ ಇರುತ್ತದೆ. ಹುಡುಕಿಕೊಂಡು ಹೊರಟೆ. ಪಕ್ಕದ ಮನೆಯ ಮುದುಕಿಯ ಕಾರು ನಿಲ್ಲಿಸುವ ಜಾಗದಲ್ಲಿ, ಕಾಂಕ್ರೀಟಿನ ಬಿರುಕಿನಲ್ಲಿ, ಥೇಟ್ ನಮ್ಮ ಬಾವಿಕಟ್ಟೆಯ ಪಕ್ಕದ್ದೇ ಗರಿಕೆ. ಬೇಲಿ ಹೇಗೂ ಇಲ್ಲ. ಸೆರಗು ಸಿಕ್ಕಿಸಿಕೊಂಡು ಕೂತು ಒಂದೊಂದೇ ಚಿಗುರು ಕೀಳತೊಡಗಿದೆ. ಹದಿನಾಲ್ಕೋ ಹದಿನೈದೋ ಆಗಿತ್ತು, ಬಾಗಿಲು ತೆರೆಯಿತು. ಸಿಕ್ಕಿಬಿದ್ದೆ ಅಂದುಕೊಂಡು ಎದ್ದು ನಿಂತೆ.

ಆಕೆ ನನ್ನ ಕೈಯಲ್ಲಿದ್ದ ಗರಿಕೆ ನೋಡಿದರು. ಎದೆ ಮೇಲೆ ಕೈ ಇಟ್ಟುಕೊಂಡು, ತಮಗೆ ಬಗ್ಗಲು ಆಗುವುದಿಲ್ಲ, ಈ ಕಳೆ ಕಿತ್ತು ಎಷ್ಟು ಉಪಕಾರ ಮಾಡಿದಿರಿ ಅಂದರು. ಆಮೇಲೆ ಕೋಲಿನಿಂದ ಗ್ಯಾರೇಜಿನ ಮೂಲೆ ತೋರಿಸಿದರು. ಅಲ್ಲಿ ಇನ್ನೂ ಜಾಸ್ತಿ ಇತ್ತು.